ಒಂದು ಕ್ರಿಯಾಪದದ ಸಲುವಾಗಿ ಮಾಹೆಗೆ

ವಿರಾಜಪೇಟೆ

ವಿದೇಶ ಪ್ರಯಾಣವು ಮನುಷ್ಯನ ದೃಷ್ಟಿಯನ್ನು ವಿಶಾಲಗೊಳಿಸುತ್ತದೆ, ಕೂಪಮಂಡೂಕತ್ವವನ್ನು ನೀಗುತ್ತದೆ, ಸ್ವದೇಶದ ಗುಣದೋಷಗಳನ್ನು ಸಮಚಿತ್ತದಿಂದ ತೂಗುವ ವಿವೇಕವನ್ನು ಕೊಡುತ್ತದೆ ಎಂದು ಬಲ್ಲವರು ಬರೆದಿದ್ದಾರೆ. ನಾನು ವಿದೇಶಕ್ಕೆ ಹೋದದ್ದು ಬಸ್ಸಿನಲ್ಲಿ. ಮುಂದಿನ ಸೀಟಿನವರು ಒಂದು ಬುಟ್ಟಿ ಕೋಳಿಗಳನ್ನು ಸೀಟಿನ ಬೆನ್ನಿಗೆ ಬಿಗಿದು ಕಟ್ಟಿದ್ದರು. ತಲಚೇರಿಯವರೆಗೂ ನನ್ನ ದೃಷ್ಟಿ ಆ ಬುಟ್ಟಿಯನ್ನು ದಾಟಲಿಲ್ಲ.

ಆಗ ಕೊಡಗೇ ಒಂದು ರಾಜ್ಯವಾಗಿತ್ತು. ಮಡಿಕೇರಿಯಲ್ಲಿ ನಮಗೆ ಮಂತ್ರಿಗಳಿದ್ದರು. ಅವರನ್ನು ಒಂದು ಕೈಯ ಬೆರಳಲ್ಲಿ ಎಣಿಸಿ, ಅದೇ ಕೈಯಲ್ಲಿ ಉಳಿದ ಬೆರಳುಗಳಿಂದ ನಶ್ಯವನ್ನೂ ಏರಿಸಬಹುದಿತ್ತು. ವಿರಾಜಪೇಟೆಯಿಂದ ಘಟ್ಟ ಇಳಿದರೆ ಮದ್ರಾಸ್ ರಾಜ್ಯ. ಅದನ್ನು ಅಡ್ಡಲಾಗಿ ದಾಟಿದರೆ ಕಡಲ ಅಂಚಿನಲ್ಲಿ ಅಂಗೈಯಗಲದ ಮಾಹೆ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಿದ್ದರೂ ಮಾಹೆ ಇನ್ನೂ ಫ್ರಾನ್ಸಿನದಾಗಿತ್ತು. ಹೀಗಾಗಿ ನಮ್ಮ ಊರಿನವನೊಬ್ಬ ಬೆಳಿಗ್ಗೆ ಕೊಡಗು ರಾಜ್ಯದಲ್ಲಿ ಕಾಫಿ ಕುಡಿದು, ಮಧ್ಯಾಹ್ನ ಮದ್ರಾಸ್ ರಾಜ್ಯದಲ್ಲಿ ಬೆವರಿ, ಸಂಜೆ ಫ್ರಾನ್ಸಿನಲ್ಲಿ ಕಾಲು ತೊಳೆಯುವುದು ಸಾಧ್ಯವಿತ್ತು. ಲಂಡನ್ನಿನವರಿಗೂ ಇಷ್ಟು ಸಲೀಸಾಗಿರಲಿಲ್ಲ.

ನಾನು ಹೊರಟದ್ದು ವಿಹಾರಕ್ಕಲ್ಲ. ಹೈಸ್ಕೂಲಿನಲ್ಲಿ ನಾನು ಕನ್ನಡ ಪಂಡಿತ. ಕನ್ನಡ ಪಂಡಿತರಿಗೆ ವಿಹಾರ ಹೇಳಿದ್ದಲ್ಲ. ನನ್ನ ತಂಗಿ ಜಾನಕಿ ಊರಿನ ಕಾನ್ವೆಂಟಿನಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದಳು. ಅವಳ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹೊಲಿಗೆಯ ಕೆಲಸ ಖಾಯಂ ಅಲ್ಲ, ಜೂನಿಗೆ ಮುಗಿಯುವಂಥದ್ದು. ಇದು ಹೇಗೋ ಅರಕಲಗೂಡಿಗೆ ಗೊತ್ತಾಗಿ ಅವಳ ಮಾವನವರಿಂದ ಕಾಗದ ಬಂತು. "ನಮ್ಮ ಮನೆಯಾಕೆಗೆ ಮಂಡಿನೋವು ಪ್ರಬಲವಾಗಿದೆ. ಮನೆಯಲ್ಲಿ ಹದಿನಾಲ್ಕು ಜನ. ರುಬ್ಬುವವರಿಲ್ಲ. ಕೆಲಸ ಮುಗಿದ ಕೂಡಲೇ ಜಾನಕಿಯನ್ನು ಕಳಿಸಿಕೊಡುವುದು." ಜಾನಕಿ ಅದನ್ನು ಓದಿ, ಮಡಿಸಿ, ದಾರದುಂಡೆಗಳ ಡಬ್ಬಿಯೊಳಗಿಟ್ಟಳು.

"ಅಣ್ಣ, ಒಂದ್ಸಲ ಆ ಒರಳಿನ ಮುಂದೆ ಕೂತರೆ ನಾನು ಮತ್ತೆ ಏಳೋದಿಲ್ಲ" ಎಂದಳು. ಅಷ್ಟೇ.

ಕಾನ್ವೆಂಟಿನಲ್ಲಿ ತೋಟದ ದೊರೆಗಳ ಹೆಣ್ಣುಮಕ್ಕಳಿಗೆ ಫ್ರೆಂಚ್ ಹೇಳಿಕೊಡುವ ಪದ್ಧತಿಯಿತ್ತು. ಅದು ಅವರಿಗೆ ಯಾಕೆ ಬೇಕೆಂದು ಆ ಮಕ್ಕಳಿಗೂ ತಿಳಿದಿರಲಿಲ್ಲ. ಹೇಳಿಕೊಡುತ್ತಿದ್ದ ಮುದಿ ಸಿಸ್ಟರಿಗೆ ಕಣ್ಣು ಮಂಜಾಗಿ, ಬೇಸಿಗೆಗೆ ಅವರು ತಮ್ಮ ದೇಶಕ್ಕೆ ಮರಳುವವರಿದ್ದರು. ಅವರೇ ಜಾನಕಿಯನ್ನು ಕೂರಿಸಿಕೊಂಡು ಎಂಟು ತಿಂಗಳು ಪಾಠ ಹೇಳಿದರು. ಮದರ್ ಸುಪೀರಿಯರ್ ಶರತ್ತು ಹಾಕಿದರು: ಮಾಹೆಯ ಸರ್ಕಾರಿ ಫ್ರೆಂಚ್ ಶಾಲೆಯ ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟು ತಂದರೆ ಫ್ರೆಂಚ್ ಹೇಳಿಕೊಡುವ ಕೆಲಸ ಖಾಯಂ, ಇಲ್ಲವಾದರೆ ಪಾಂಡಿಚೇರಿಯಿಂದ ಯಾರನ್ನಾದರೂ ಕರೆಸುವುದು. ಒಂದು ಕಡೆ ಫ್ರಾನ್ಸ್, ಇನ್ನೊಂದು ಕಡೆ ಅರಕಲಗೂಡು. ಮಧ್ಯದಲ್ಲಿ ಒಂದು ಪರೀಕ್ಷೆ.

ನಮ್ಮ ಸೋದರತ್ತೆ ಗಂಗತ್ತೆಯೂ ಹೊರಟರು. ವಿದೇಶದಲ್ಲಿ ನಾವು ಕಂಡಕಂಡದ್ದನ್ನು ತಿನ್ನಬಾರದೆಂಬುದು ಅವರ ಕಾಳಜಿ. ಆದರೆ ಸಮುದ್ರಯಾನಕ್ಕೆ ಪ್ರಾಯಶ್ಚಿತ್ತವಿದೆಯಲ್ಲ ಎಂಬ ಅಳುಕು ಅವರನ್ನು ಬಾಧಿಸಿತು. ಭಾಗಮಂಡಲದಲ್ಲಿ ಪೂಜೆಗಿರುವ ನಮ್ಮ ದೊಡ್ಡಪ್ಪನಿಗೆ ಕಾಗದ ಬರೆಸಿದರು. ಉತ್ತರ ಕಾರ್ಡಿನಲ್ಲಿ ಬಂತು: "ಶಾಸ್ತ್ರವು ಸಮುದ್ರವನ್ನು ನಿಷೇಧಿಸಿದೆ. ಫ್ರಾನ್ಸನ್ನು ನಿಷೇಧಿಸಿದ್ದು ಕಂಡುಬರಲಿಲ್ಲ. ಬಸ್ಸಿನ ವಿಷಯದಲ್ಲಿ ಋಷಿಗಳು ಮೌನವಾಗಿದ್ದಾರೆ." ಗಂಗತ್ತೆ ಕಾರ್ಡನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು, ಅವಲಕ್ಕಿಯ ಡಬ್ಬಿ ಮತ್ತು ಕಾವೇರಿ ನೀರು ತುಂಬಿದ ಹಿತ್ತಾಳೆ ಬಿಂದಿಗೆಯ ಸಮೇತ ಬಸ್ಸು ಹತ್ತಿದರು.

ಮಾಕುಟ್ಟ

ಘಟ್ಟ ಇಳಿಯುವಾಗ ಯಾರೂ ಮಾತಾಡುವುದಿಲ್ಲ. ಒಂದೊಂದು ತಿರುವಿಗೂ ಕೋಳಿಗಳು ಒಕ್ಕೊರಲಿನಿಂದ ಆಕ್ಷೇಪಿಸುತ್ತಿದ್ದವು. ಜಾನಕಿ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಕುಳಿತಿದ್ದಳು.

ಪಕ್ಕದ ಸಾಲಿನಲ್ಲಿ ಜಮೆದಾರ್ ಮೊಣ್ಣಪ್ಪನವರಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ, ಎರಡು ಚಳಿಗಾಲ ಕೆಸರಿನಲ್ಲಿ ನಿಂತು ಬಂದವರು. ಈಗ ಅವರು ತಿಂಗಳಿಗೊಮ್ಮೆ ಮಾಹೆಗೆ ಹೋಗುತ್ತಿದ್ದದ್ದು ಸಂಧಿವಾತದ ಔಷಧಿಗೆಂದು ಊರೆಲ್ಲ ತಿಳಿದಿತ್ತು. ಔಷಧಿ ಯಾವುದೆಂಬುದೂ ತಿಳಿದಿತ್ತು.

"ಏನಮ್ಮ, ನಿಮ್ಮ ಪಿಳ್ಳೆ ಮಂತ್ರ ಹೇಳ್ತಾ ಉಂಟಾ?" ಎಂದು ಗಂಗತ್ತೆಯನ್ನು ಕೇಳಿದರು.

"ಮಂತ್ರ ಅಲ್ಲ ಜಮೆದಾರಪ್ಪ, ಫ್ರೆಂಚು. ನಾಳೆ ಪರೀಕ್ಷೆ."

"ಓಹೋ! ನನಗೂ ಬರ್ತದೆ. ಮೊಟ್ಟೆ ಕೇಳ್ಲಿಕ್ಕೆ ಬರ್ತದೆ, ಬ್ರೆಡ್ ಕೇಳ್ಲಿಕ್ಕೆ ಬರ್ತದೆ. ಮತ್ತೊಂದು ಕೇಳ್ಲಿಕ್ಕೆ ಬರ್ತದೆ, ಅದನ್ನ ನಿಮ್ಮ ಮುಂದೆ ಹೇಳೋದಿಲ್ಲ. ಹೇಳು ಮಗ, ಸ್ವಲ್ಪ ಜೋರಾಗಿ ಹೇಳು, ಕೇಳುವ."

ಜಾನಕಿ ಜೋರಾಗಿಯೇ ಹೇಳಿದಳು. "ಝ ವೇ ಎ ಝ ರವ್ಯಾಂ. ತ್ಯು ವಾ ಎ ತ್ಯು ರವ್ಯಾಂ. ಇಲ್ ವಾ ಎ ಇಲ್ ರವ್ಯಾಂ..."

ಇದರ ಹಿನ್ನೆಲೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಫ್ರೆಂಚಿನಲ್ಲಿ 'ಅಲೇ' ಎಂದರೆ ಹೋಗು. ಆ ಭಾಷೆಯಲ್ಲಿ ಇದಕ್ಕಿಂತ ಹೆಚ್ಚು ದುಡಿಯುವ ಕ್ರಿಯಾಪದಗಳು ಒಂದೆರಡೇ ಇರಬಹುದು; ಇದಕ್ಕಿಂತ ಹೆಚ್ಚು ಕೈಕೊಡುವುದು ಇನ್ನೊಂದಿಲ್ಲ. ನಾನು ಹೋಗುತ್ತೇನೆ ಎನ್ನಲು 'ಝ ವೇ'. ನೀನು ಹೋಗುತ್ತೀಯೆ, 'ತ್ಯು ವಾ'. ಅವನು, 'ಇಲ್ ವಾ'. ಇಷ್ಟು ಕಲಿತು ಧೈರ್ಯ ಬರುವಷ್ಟರಲ್ಲಿ, ನಾವು ಹೋಗುತ್ತೇವೆ ಎನ್ನುವಲ್ಲಿ ಇದ್ದಕ್ಕಿದ್ದಂತೆ 'ನೂಝಲೋಂ'. ನೀವು, 'ವೂಝಲೇ'. ಅವರು ಎನ್ನುವಾಗ ಮತ್ತೆ ಹಳೆಯ ಮನೆಗೆ ಮರಳಿ 'ಇಲ್ ವೋಂ'. ನಾಳೆ ಹೋಗುವುದಾದರೆ ಇವೆರಡೂ ಅಲ್ಲ, 'ಝಿರೇ'.

ಇದು ಒಂದು ಕ್ರಿಯಾಪದವಲ್ಲ, ಲ್ಯಾಟಿನ್ನಿನ ಮೂರು ಕುಲಗಳು ಒಂದೇ ಮನೆಯಲ್ಲಿ ಒಲೆ ಹೂಡಿರುವುದು ಎಂದು ಸಿಸ್ಟರು ವಿವರಿಸಿದ್ದರಂತೆ. ವೇ, ವಾ, ವೋಂ ಎಂಬುವು ದಡದಡ ನಡೆಯುವ ಅರ್ಥದ ಒಂದು ಧಾತುವಿನ ಸಂತಾನ. 'ಝಿರೇ' ಬಂದದ್ದು 'ಈರೆ' ಎಂಬ ಬಹು ಪುರಾತನ ಧಾತುವಿನಿಂದ. ಅದು ನಮ್ಮ ಸಂಸ್ಕೃತದ 'ಇ' ಧಾತುವಿನ ಸೋದರ ಎಂದು ತಿಳಿದಾಗ ನನಗೆ ಬಂಧುದರ್ಶನವಾದಷ್ಟು ಸಂತೋಷವಾಯಿತು. ಬಾಯಿಂದ ಬಾಯಿಗೆ ಸವೆದು ಸವೆದು ಬೇರೆಲ್ಲ ಕಡೆ ಕಾಣೆಯಾಗಿ, ಕೊನೆಗೆ ನಾಳೆಯ ಮಾತಿನಲ್ಲಿ ಮಾತ್ರ ಅದು ಉಳಿದುಕೊಂಡಿತಂತೆ. ಮಧ್ಯದ 'ಅಲೋಂ' ಎಲ್ಲಿಂದ ಬಂತೆಂದು ಮಾತ್ರ ಯಾರಿಗೂ ನಿಶ್ಚಯವಿಲ್ಲ. ಆ ದೇಶದ ವಿದ್ವಾಂಸರು ತಲೆತಲಾಂತರದಿಂದ ಅದಕ್ಕಾಗಿ ಜಗಳವಾಡುತ್ತಿದ್ದಾರೆ. ಇದನ್ನು ಕೇಳಿ ನಾನು, ಫ್ರೆಂಚಿನ 'ಅಲೇ' ನಮ್ಮ ಕನ್ನಡದ 'ಅಲೆ'ಯಿಂದಲೇ ಹುಟ್ಟಿದೆ, ಅಲೆದಾಡುವುದೂ ಹೋಗುವುದೇ ಅಲ್ಲವೆ ಎಂದು ನಾಲ್ಕು ಪುಟದ ಲೇಖನ ಬರೆದು ಜಾನಕಿಯ ಕೈಲಿ ಕಳಿಸಿದೆ. ಸಿಸ್ಟರು ಅದನ್ನು ಹಿಂದಕ್ಕೆ ಕಳಿಸಿದರು. ಜೊತೆಗೆ ನನ್ನ ಆರೋಗ್ಯವನ್ನು ವಿಚಾರಿಸಿದ್ದರು.

ಹೀಗೆ ಜಾನಕಿ ಎಂಟು ತಿಂಗಳ ಹಿಂದೆ ಮೊದಲ ಪಾಠವನ್ನು ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಉರುಹೊಡೆಯುತ್ತಿದ್ದಾಗ ಗಂಗತ್ತೆ ಅರ್ಥ ಕೇಳಿದರು.

"ನಾನು ಹೋಗ್ತೀನಿ, ನೀನು ಹೋಗ್ತೀಯ, ಅವನು ಹೋಗ್ತಾನೆ, ಅಂತ."

ಗಂಗತ್ತೆಯ ಕೈಲಿದ್ದ ಸೌಟು ನಿಂತಿತು. "ದೀಪ ಹಚ್ಚೋ ಹೊತ್ತಲ್ಲಿ ಮನೆಮಂದಿಯನ್ನೆಲ್ಲ ಒಬ್ಬೊಬ್ಬರಾಗಿ ಹೋಗ್ತಾರೆ ಅಂತೀಯಲ್ಲೇ! ನೆಟ್ಟಗೆ ಹೋಗಿ ಬರ್ತೀನಿ ಅನ್ನು."

"ಅದು ಪಾಠದಲ್ಲಿಲ್ಲ ಅತ್ತೆ."

"ಪಾಠದಲ್ಲಿಲ್ಲದಿದ್ರೆ ಸೇರಿಸು. ಬರೋದಕ್ಕೆ ಅವರಲ್ಲಿ ಮಾತೇ ಇಲ್ವಾ?"

ಮಾತು ಇತ್ತು. 'ರವ್ಯಾಂ.' ಮರಳಿ ಬರುತ್ತೇನೆ. ಅಂದಿನಿಂದ ನಮ್ಮ ಮನೆಯಲ್ಲಿ ಫ್ರೆಂಚರು ಯಾರೂ ಬರಿದೆ ಹೋಗಲಿಲ್ಲ. ಹೋದವರೆಲ್ಲ, ಏಕವಚನ ಬಹುವಚನವೆನ್ನದೆ, ಭೂತ ಭವಿಷ್ಯತ್ತೆನ್ನದೆ, ಅದೇ ಉಸಿರಿನಲ್ಲಿ ಮರಳಿ ಬಂದರು. ನಾನು ವೈಯಾಕರಣನಾಗಿ ಇದನ್ನು ಆಕ್ಷೇಪಿಸಬೇಕಿತ್ತು. ಆದರೆ ನಾನೂ ಶಾಲೆಗೆ ಹೊರಡುವಾಗ "ಬರ್ತೀನಿ" ಎಂದೇ ಹೇಳಿ ಹೋಗುವವನು; ಯಾವ ಮುಖದಿಂದ ಆಕ್ಷೇಪಿಸಲಿ?

ಜಮೆದಾರರು ಪೂರ್ತಿ ಕೇಳಿ ತಲೆದೂಗಿದರು. "ಇದು ಒಳ್ಳೆ ಫ್ರೆಂಚ್. ನಾವು ಅಲ್ಲಿದ್ದಾಗ ಹೀಗೆ ಯಾರೂ ಹೇಳ್ಲಿಲ್ಲ. ಹೇಳಿದ್ರೆ ಚೆನ್ನಾಗಿರ್ತಿತ್ತು" ಎಂದು ಕಿಟಕಿಯ ಕಡೆ ತಿರುಗಿದರು.

ಕೂಟುಪುಳದ ಸೇತುವೆಯ ಮೇಲೆ ನಮ್ಮ ರಾಜ್ಯ ಮುಗಿಯಿತು. ಯಾರಿಗೂ ತಿಳಿಯಲಿಲ್ಲ.

ಮಾಹೆ, ಮೊದಲ ಸಂಜೆ

ತಲಚೇರಿಯಲ್ಲಿ ಬಸ್ಸು ಬದಲಿಸಿ, ಸಣ್ಣದೊಂದು ಹೊಳೆಯ ಸೇತುವೆ ದಾಟಿದರೆ ಫ್ರಾನ್ಸ್. ಸೇತುವೆಯ ಮೇಲೆ ಗಂಗತ್ತೆ ಕೆಳಗೆ ನೋಡಿ, "ಇದು ಸಮುದ್ರ ಅಲ್ಲ ತಾನೆ ಶಾಮಣ್ಣ?" ಎಂದು ಕೇಳಿದರು. ಹೊಳೆಯೆಂದೆ. ಆದರೂ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡರು.

ವಿದೇಶವು ನೋಡಲು ತಲಚೇರಿಯಂತೆಯೇ ಇತ್ತು. ಅದೇ ತೆಂಗು, ಅದೇ ಮೀನಿನ ಬುಟ್ಟಿ, ಅದೇ ಮಲಯಾಳ. ವ್ಯತ್ಯಾಸವೆಂದರೆ ಮೊಂಡು ಟೋಪಿಯ ಪೊಲೀಸಿನವನೊಬ್ಬ ಬೀಡಿ ಅಂಗಡಿಯ ಮುದುಕನಿಗೆ ಕೈಕುಲುಕಿ "ಬೋಂಝೂರ್" ಎಂದ, ಮುದುಕ ಮುಂಡಿನಲ್ಲಿ ಕೈ ಒರೆಸಿಕೊಂಡು "ಬೋಂಝೂರ್, ಸುಖಂ ತನ್ನೆ?" ಎಂದ. ನಮ್ಮಲ್ಲಿ ಪೊಲೀಸಿನವರು ಬೀಡಿ ಅಂಗಡಿಯವರ ಕೈ ಹಿಡಿಯುವುದು ಬೇರೆ ಕಾರಣಕ್ಕೆ.

ನಾವು ಇಳಿದುಕೊಂಡದ್ದು ಅಲ್ಲಿಯ ಸಣ್ಣದೊಂದು ದೇವಸ್ಥಾನದ ಅರ್ಚಕರಾದ ಎಂಬ್ರಾಂದಿರಿಯವರ ಮನೆಯಲ್ಲಿ. ಮೂಲತಃ ತುಳುನಾಡಿನವರು, ನಮಗೆ ದೂರದ ನಂಟರು. ಅಜ್ಜನ ಕಾಲಕ್ಕೇ ಇಲ್ಲಿಗೆ ಬಂದು, ಈಗ ಪ್ಯಾರಿಸಿನ ಸಭೆಗೆ ಪ್ರತಿನಿಧಿಯನ್ನು ಆರಿಸಲು ಓಟು ಹಾಕುವ ಪ್ರಜೆ. ಸಂಜೆ ನೈವೇದ್ಯ ಮುಗಿಸಿ, ಒದ್ದೆ ಪಂಚೆಯಲ್ಲೇ ಜಗಲಿಗೆ ಬಂದು ಕುಳಿತರು.

"ನೋಡಿ ಮಾರಾಯ್ರೆ, ನಮ್ಮ ಸರ್ಕಾರದಲ್ಲಿ ಎಲ್ಲರೂ ಸಮಾನರು. ಹಾಗಂತ ಬರೆದು ಗೋಡೆಗೆ ಹಾಕಿದ್ದಾರೆ. ನಾನು ಅದನ್ನು ಓದಿ, ಸ್ನಾನ ಮಾಡಿ, ಒಳಗೆ ಹೋಗ್ತೇನೆ."

ಜಾನಕಿ ಅವರಿಂದ ಪರೀಕ್ಷಕರ ವಿಷಯ ತಿಳಿದುಕೊಂಡಳು. ಇಬ್ಬರು. ಒಬ್ಬರು ಪಾಂಡಿಚೇರಿಯಿಂದ ಬಂದಿರುವ ಫ್ರೆಂಚ್ ದೊರೆ, ಬಿಸಿಲು ತಡೆಯಲಾರದವರು. ಇನ್ನೊಬ್ಬರು ಇಲ್ಲಿಯವರೇ, ಕಣ್ಣನ್ ಮಾಸ್ತರು. "ದೊರೆಗೆ ಹೆದರಬೇಡಿ. ಕಣ್ಣನ್‌ಗೆ ಹೆದರಿ. ಅವರು ಫ್ರೆಂಚರಿಗಿಂತ ಫ್ರೆಂಚ್. ಒಂದು ಅಕ್ಷರ ಬಿಡೋದಿಲ್ಲ."

ಹೋಗುವ ಮಾತುಗಳಿಗೆ ಅಲ್ಲಿ ಲೆಕ್ಕವೇ ಇರಲಿಲ್ಲ. ದಾರಿಯಲ್ಲಿ ಒಬ್ಬರನ್ನೊಬ್ಬರು ಕಂಡರೆ "ಹೇಗೆ ಹೋಗುತ್ತೀರಿ?" ಎಂದು ಕೇಳುವುದು ಫ್ರೆಂಚರ ಕ್ರಮ. ಚೆನ್ನಾಗಿದ್ದೀರಾ ಎಂದು ಅದರ ಅರ್ಥ. ಉತ್ತರ, "ಹೋಗುತ್ತದೆ." ಸೀರೆ ಒಪ್ಪಿದರೆ ಅದು ನಿಮಗೆ "ಹೋಗುತ್ತದೆ". ಊಟ ಮಾಡುವವನು ಕೂತಲ್ಲಿಂದ ಕದಲದೆ "ಉಣ್ಣಲು ಹೋಗುತ್ತೇನೆ" ಎನ್ನುತ್ತಾನೆ. ಇನ್ನೇನು ಉಣ್ಣುತ್ತಾನೆ ಎಂದು ತಿಳಿಯಬೇಕು. ನಮ್ಮ ಕನ್ನಡದಲ್ಲಿ ಬಣ್ಣ ಹೋಗುತ್ತದೆ, ಮಾನ ಹೋಗುತ್ತದೆ, ಜೀವ ಹೋಗುತ್ತದೆ, ಮದುವೆಗೆಂದು ತೆಗೆದಿಟ್ಟದ್ದು ಹೋಗುತ್ತದೆ. ನಮ್ಮಲ್ಲಿ ಹೋಗುವುದೆಲ್ಲ ನಷ್ಟ. ಅವರಲ್ಲಿ ಹೋಗುವುದೇ ಆರೋಗ್ಯ. ಎರಡು ಜನಾಂಗಗಳ ನಡುವಿನ ಭೇದದ ಬಗ್ಗೆ ನಾನು ವಿದೇಶದಲ್ಲಿ ಕಂಡುಕೊಂಡದ್ದು ಇಷ್ಟೇ, ಅದೂ ಎಂಬ್ರಾಂದಿರಿಯವರ ಜಗಲಿಯಲ್ಲಿ ಕುಳಿತು.

ಶಾಲೆ, ಬೆಳಿಗ್ಗೆ

ಶಾಲೆ ಕಡಲಿಗೆ ಹತ್ತಿರ. ಕೆಂಪು ಹೆಂಚಿನ ಉದ್ದನೆಯ ಕಟ್ಟಡ, ಮುಂದೆ ಒಂದು ಬಾದಾಮಿ ಮರ. ಪಾಲಕರು ಜಗಲಿಯ ಬೆಂಚಿನ ಮೇಲೆ ಕೂರಬಹುದಿತ್ತು. ಕಿಟಕಿಗಳು ತೆರೆದಿದ್ದವು.

ಹೊರಗಿನ ಅಭ್ಯರ್ಥಿಗಳು ಐವರು. ಬೆಳಿಗ್ಗೆ ಬರೆಯುವ ಪರೀಕ್ಷೆ. ಜಾನಕಿ ಎಲ್ಲರಿಗಿಂತ ಮೊದಲು ಮುಗಿಸಿ, ಕಾಗದಗಳನ್ನು ಜೋಡಿಸಿ, ಮೇಜಿನ ಬಳಿ ಹೋಗಿ ದೊರೆಯ ಕೈಗೆ ಕೊಟ್ಟಳು. ಹೋಗುವಾಗ ತಲೆ ಬಾಗಿಸಿ ಏನೋ ಎರಡು ಮಾತು ಹೇಳಿದ್ದನ್ನು ನಾನು ಕಿಟಕಿಯಿಂದ ಕಂಡೆ. ದೊರೆಯೂ ತಲೆ ಆಡಿಸಿದರು. ವಿನಯಕ್ಕೆ ವಿನಯ.

ಮಿಕ್ಕವರೂ ಒಬ್ಬೊಬ್ಬರಾಗಿ ಹೊರಬಂದರು. ನಾವು ಬಾದಾಮಿ ಮರದ ಕೆಳಗೆ ಅವಲಕ್ಕಿ ಬಿಚ್ಚಿದೆವು. ಗಂಟೆ ಹನ್ನೆರಡು ಹೊಡೆಯಿತು. ಕಣ್ಣನ್ ಮಾಸ್ತರು ಕೊಡೆ ಬಿಚ್ಚಿ ಊಟಕ್ಕೆ ಹೊರಟುಹೋದರು. ದೊರೆ ಮಾತ್ರ ಹೋಗಲಿಲ್ಲ. ಬಾಗಿಲಿಗೆ ಬಂದು ಅತ್ತ ಇತ್ತ ನೋಡುವರು, ಗಡಿಯಾರ ನೋಡುವರು, ಕರವಸ್ತ್ರದಿಂದ ಕತ್ತು ಒರೆಸುವರು, ಒಳಗೆ ಹೋಗುವರು. ಮತ್ತೆ ಬರುವರು. ಜವಾನನೊಬ್ಬ ಊಟದ ಕ್ಯಾರಿಯರ್ ತಂದು, ಮುಚ್ಚಿದ್ದನ್ನು ಮುಚ್ಚಿದಂತೆಯೇ ಬೆಂಚಿನ ಮೇಲಿಟ್ಟು ನಿಂತ.

"ಪಾಪ, ಯಾರನ್ನೋ ಕಾಯ್ತಿದಾನೆ" ಎಂದರು ಗಂಗತ್ತೆ. "ಹೊತ್ತಿಗೆ ಸರಿಯಾಗಿ ಬರದೇ ಇರೋರು ಎಲ್ಲಾ ದೇಶದಲ್ಲೂ ಇರ್ತಾರೆ. ಜಾನೂ, ಇನ್ನೊಂದಿಷ್ಟು ಹಾಕಿಕೋ."

ಜಾನಕಿ ಹಾಕಿಕೊಂಡಳು. ಬರೆದದ್ದು ಚೆನ್ನಾಗಿದೆ ಎಂಬ ನೆಮ್ಮದಿ ಅವಳ ಮುಖದಲ್ಲಿತ್ತು. ದೊರೆ ಒಂದು ಗಂಟೆಯವರೆಗೂ ಬಾಗಿಲು ಬಿಟ್ಟು ಕದಲಲಿಲ್ಲ.

ಶಾಲೆ, ಮಧ್ಯಾಹ್ನ

ಬಾಯಿಪರೀಕ್ಷೆಗೆ ಜಾನಕಿಯನ್ನು ಕೊನೆಗೆ ಕರೆದರು. ನಾನು ಕಿಟಕಿಯ ಪಕ್ಕದ ಬೆಂಚಿನಲ್ಲಿ, ಗಂಗತ್ತೆ ನನ್ನ ಪಕ್ಕದಲ್ಲಿ. ಎಂಟು ತಿಂಗಳ ಕಾಲ ಒಂದು ಭಾಷೆಯನ್ನು ಬೇಡವೆಂದರೂ ಕಿವಿಗೆ ಸುರಿದರೆ ಕನ್ನಡ ಪಂಡಿತನಿಗೂ ಅಷ್ಟಿಷ್ಟು ಅರ್ಥವಾಗುತ್ತದೆ. ಗಂಗತ್ತೆಗೆ ನಾನು ಪಿಸುದನಿಯಲ್ಲಿ ಭಾಷಾಂತರಿಸುತ್ತಿದ್ದೆ.

ದೊರೆಯ ಮುಖ ಹಸಿವಿನಿಂದ ಗಂಟಿಕ್ಕಿತ್ತು. ಜಾನಕಿಯನ್ನು ಕಂಡ ಕೂಡಲೇ ಅವರು ಕೇಳಿದ ಮೊದಲ ಪ್ರಶ್ನೆ ಪಠ್ಯದ್ದಾಗಿರಲಿಲ್ಲ.

"ಮದಾಂ, ನೀವು ಬೆಳಿಗ್ಗೆ ಮರಳಿ ಬರುತ್ತೇನೆ ಎಂದು ಹೇಳಿ ಹೋದಿರಿ. ನಾನು ಬಾಗಿಲು ಹಾಕದೆ ಒಂದು ಗಂಟೆ ಕಾದೆ. ನೀವು ಮರದ ಕೆಳಗೆ ಕುಳಿತು ಉಣ್ಣುತ್ತಿದ್ದಿರಿ. ಯಾಕೆ ಬರಲಿಲ್ಲ?"

ಜಾನಕಿಯ ಕಿವಿ ಕೆಂಪಾಯಿತು. ಹಿರಿಯರ ಮುಂದಿನಿಂದ ಎದ್ದು ಬರುವಾಗ ಹೇಳುವ ಮಾತನ್ನು ಅವಳು ಹೇಳಿದ್ದಳು, ಅಷ್ಟೇ. ಕ್ಷಮಿಸಿ ಎಂದಳು. ದೊರೆ ಒಂದು ಕಾಗದದ ಮೇಲೆ ಏನನ್ನೋ ಗೀಚಿದರು. ಅದು ಅಂಕವಾಗಿರಲಾರದು, ಅಂಕವಾಗಿದ್ದರೆ ದೊಡ್ಡದೇನೂ ಆಗಿರಲಾರದು.

ಕಣ್ಣನ್ ಮಾಸ್ತರು ಮುಂದುವರಿಸಿದರು. ಕಪ್ಪು ಕೋಟು, ಟೈ, ಅಷ್ಟು ಸೆಕೆಯಲ್ಲೂ ಒಂದು ಹನಿ ಬೆವರಿಲ್ಲ. "ಹೋಗುವುದು, ಮರಳಿ ಬರುವುದು, ಇವೆರಡರ ಭೇದ ನಿಮಗೆ ತಿಳಿದಂತಿಲ್ಲ. ನೋಡೋಣ. ಅಲೇ. ವರ್ತಮಾನ ಕಾಲ."

ಜಾನಕಿ ಉಸಿರು ಎಳೆದುಕೊಂಡಳು. ನಾನು ಕಣ್ಣು ಮುಚ್ಚಿಕೊಂಡೆ.

"ಝ ವೇ ಎ ಝ ರವ್ಯಾಂ..."

"ನಿಲ್ಲಿಸಿ. ನಾನು ಕೇಳಿದ್ದು ಅಲೇ ಮಾತ್ರ."

"ಝ ವೇ..." ಎಂದು ನಿಲ್ಲಿಸಿ, ಒಂದು ಕ್ಷಣ ತಡೆದು, ಬಾಗಿಲು ಹಾಕಿದ ಮೇಲೆ ಜಾರಿಬಂದ ಬೆಕ್ಕಿನ ಹಾಗೆ, "ಎ ಝ ರವ್ಯಾಂ" ಎಂದೇಬಿಟ್ಟಳು.

"ಮತ್ತೊಮ್ಮೆ. ಬರಿಯ ಎರಡು ಶಬ್ದ. ನಾನು ಹೋಗುತ್ತೇನೆ. ಅಷ್ಟೇ ಹೇಳಿ ಬಾಯಿ ಮುಚ್ಚಿ."

"ಏನಂತಾನೆ?" ಎಂದರು ಗಂಗತ್ತೆ.

"ಬರಿಯ ಹೋಗ್ತೀನಿ ಅನ್ನು ಅಂತಿದಾರೆ."

ನಾನು ಭಾಷಾಂತರಿಸಬಾರದಿತ್ತು. ಗಂಗತ್ತೆ ಎದ್ದು ಎರಡೂ ಕೈಗಳಿಂದ ಕಿಟಕಿಯ ಸರಳು ಹಿಡಿದು, "ಬೇಡ ಕಣೇ ಜಾನೂ! ಪರೀಕ್ಷೆ ಹಾಳಾಗಿ ಹೋಗಲಿ, ಅದೊಂದು ಮಾತು ಬೇಡ!" ಎಂದು ಕೂಗಿದರು.

ಫ್ರೆಂಚ್ ಸರ್ಕಾರದ ಪರೀಕ್ಷಾ ಕೊಠಡಿಯಲ್ಲಿ ಕನ್ನಡ ಹೀಗೆ ಪ್ರವೇಶಿಸಿದ್ದು ಅದೇ ಮೊದಲಿರಬೇಕು. ಕಣ್ಣನ್ ಮಾಸ್ತರು ಬೆಚ್ಚಿಬಿದ್ದು, ಎಲ್ಲ ಮರೆತು ಮಲಯಾಳದಲ್ಲಿ "ಅಯ್ಯೋ, ಆರಾ ಅದ್?" ಎಂದರು. ದೊರೆ ಲೇಖನಿ ಕೆಳಗಿಟ್ಟು, ಕಿಟಕಿಯನ್ನೂ ಜಾನಕಿಯನ್ನೂ ನೋಡಿ, "ಆ ಹಿರಿಯರು ಏನು ಹೇಳುತ್ತಿದ್ದಾರೆ? ನೀವು ಆ ಎರಡು ಶಬ್ದ ಹೇಳಿದರೆ ಏನಾಗುತ್ತದೆ? ಫ್ರೆಂಚಿನಲ್ಲಿಯೇ ವಿವರಿಸಿ" ಎಂದರು.

ಪರೀಕ್ಷೆಗೆಂದು ಜಾನಕಿ ಉರುಹೊಡೆದ ಸಂಭಾಷಣೆಗಳು ಎರಡಿದ್ದವು. ಒಂದು ತೋಟದಲ್ಲಿ ಹೂಗಳ ವರ್ಣನೆ, ಇನ್ನೊಂದು ಟೋಪಿಯ ಅಂಗಡಿಯಲ್ಲಿ ವ್ಯಾಪಾರ. ಇದು ಎರಡರಲ್ಲೂ ಇರಲಿಲ್ಲ. ಅವಳು ಮೇಜಿನ ಅಂಚನ್ನು ಹಿಡಿದುಕೊಂಡು ಶುರುಮಾಡಿದಳು. ಅವಸರದಲ್ಲಿ ಗಂಗತ್ತೆ ಪುಲ್ಲಿಂಗವಾದರು, ಮನೆ ಬಹುವಚನವಾಯಿತು. ಆದರೂ ಮಾತು ನಿಲ್ಲಲಿಲ್ಲ. ನನಗೆ ತಿಳಿದಷ್ಟು ಹೀಗೆ:

"ಅದು ನನ್ನ ಅತ್ತೆ. ನಮ್ಮ ಮನೆಯಲ್ಲಿ ನಾನು ಹೋಗುತ್ತೇನೆ ಎಂದು ಯಾರೂ ಹೇಳುವುದಿಲ್ಲ. ಅಂಗಡಿಗೆ ಹೋಗುವವರು ಬರುತ್ತೇನೆ ಎನ್ನುತ್ತಾರೆ. ದೂರದ ಊರಿಗೆ ಹೋಗುವವರೂ ಬರುತ್ತೇನೆ ಎನ್ನುತ್ತಾರೆ. ಬೆಳಿಗ್ಗೆ ನಾನು ನಿಮಗೂ ಹಾಗೇ ಹೇಳಿದೆ. ಅದು ಸುಳ್ಳಲ್ಲ, ಮರ್ಯಾದೆ. ನಿಮ್ಮ ಊಟ ತಣ್ಣಗಾಯಿತು, ನನಗೆ ದುಃಖವಾಗಿದೆ. ನಮ್ಮಲ್ಲಿ ಬರಿದೆ ಹೋಗುವವರು ಸತ್ತವರು ಮಾತ್ರ."

ದೊರೆ ಕಾದರು. ಅವಳು ಮುಗಿಸಿರಲಿಲ್ಲ.

"ನನ್ನ ಗಂಡ ಹೋದರು" ಎಂದಳು.

ಫ್ರೆಂಚಿನಲ್ಲಿ ಅದು ನಾಲ್ಕೈದು ಶಬ್ದಗಳ ವಾಕ್ಯ. ಅದರ ಹಿಂದೆ ಅವಳು ಏನನ್ನೂ ಸೇರಿಸಲಿಲ್ಲ. ನಾನು ಕಾದೆ, ಎಂಟು ತಿಂಗಳ ಅಭ್ಯಾಸ, ಕಿವಿ ತಾನಾಗಿ ಕಾಯುತ್ತದೆ. ಬರಲಿಲ್ಲ.

"ಈಗ ಏನಂದಳು?" ಎಂದರು ಗಂಗತ್ತೆ.

"ಭಾವನ ವಿಷಯ."

ಅವರು ಸರಳುಗಳನ್ನು ಬಿಟ್ಟು ಬಂದು ಬೆಂಚಿನ ಮೇಲೆ ಕುಳಿತರು.

ಆಮೇಲೆ ದೊರೆ ಕಣ್ಣನ್ ಮಾಸ್ತರನ್ನು ಕೇಳಿದರು: "ಇದು ನಿಜವೆ? ನಿಮ್ಮಲ್ಲೂ ಹೀಗೆಯೆ?"

ಮಾಸ್ತರು ಟೈಯನ್ನು ಸರಿಮಾಡಿಕೊಂಡರು. "ವ್ಯಾಕರಣಕ್ಕೂ ಅದಕ್ಕೂ ಸಂಬಂಧವಿಲ್ಲ, ಮೊಸ್ಯೂ."

"ನಾನು ವ್ಯಾಕರಣ ಕೇಳಲಿಲ್ಲ. ಇಂದು ಬೆಳಿಗ್ಗೆ ಮನೆಯಿಂದ ಹೊರಡುವಾಗ ನೀವು ನಿಮ್ಮ ತಾಯಿಗೆ ಏನು ಹೇಳಿದಿರಿ?"

ಮಾಸ್ತರು ಒಮ್ಮೆ ಕಿಟಕಿಯ ಕಡೆ ನೋಡಿದರು. ಕೊನೆಗೆ ತೀರ ಮೆಲ್ಲಗೆ, ತಮ್ಮ ಹುದ್ದೆಗೆ ಹಾನಿ ತರುವ ರಹಸ್ಯವನ್ನು ಬಿಟ್ಟುಕೊಡುವವರಂತೆ, "ಪೋಯಿಟ್ಟು ವರಾಂ" ಎಂದರು. ಹೋಗಿ ಬರುತ್ತೇನೆ.

ಹಾಗೆಂದು ಅವರು ಕರಗಿದರೆಂದು ಯಾರೂ ತಿಳಿಯಬಾರದು. ಲೇಖನಿಯನ್ನು ಶಾಯಿಯಲ್ಲಿ ಅದ್ದಿ, ಕ್ರಿಯಾಪದದ ಕಾಲಮಿನಲ್ಲಿ ದುಂಡಗೆ ಒಂದು ಸೊನ್ನೆ ಬರೆದರು. ಅದು ಕಿಟಕಿಯಿಂದಲೇ ಕಾಣುವಷ್ಟು ದೊಡ್ಡದಾಗಿತ್ತು. ಕೇಳಿದ್ದಕ್ಕೆ ಉತ್ತರ ಬಂದಿಲ್ಲ, ಅಷ್ಟೇ ಎಂದರು. ನ್ಯಾಯವಾಗಿ ನೋಡಿದರೆ ಅವರದೇ ಸರಿ. ನಾನೂ ಮೇಷ್ಟ್ರು, ನಾನಾಗಿದ್ದರೂ ಸೊನ್ನೆಯನ್ನೇ ಕೊಡುತ್ತಿದ್ದೆ, ಇಷ್ಟು ಅಂದವಾಗಿ ಅಲ್ಲದಿರಬಹುದು. ಸಂಭಾಷಣೆಯ ಕಾಲಮು ದೊರೆಯ ಪಾಲಿನದು. ಅವರು ಅದರಲ್ಲಿ ಏನು ಬರೆದರೆಂದು ಕಾಣಲಿಲ್ಲ, ತೋಳು ಅಡ್ಡವಿತ್ತು.

ಜಾನಕಿ ಎದ್ದು ಕೈಮುಗಿದಳು. ಬಾಯಿ ತೆರೆದಳು, ಯೋಚಿಸಿದಳು, ಏನೂ ಹೇಳದೆ ಹೊರಗೆ ಬಂದಳು.

ಸುಂಕದ ಕಟ್ಟೆ

ಮರುದಿನ ಹೊಳೆ ದಾಟಿದ ಕೂಡಲೇ ನಮ್ಮ ಸರ್ಕಾರದ ಸುಂಕದವರು ಬಸ್ಸು ನಿಲ್ಲಿಸಿದರು. ಮದ್ರಾಸ್ ರಾಜ್ಯದಲ್ಲೆಲ್ಲ ಪಾನನಿರೋಧ. ಮಾಹೆಯಿಂದ ಬರುವ ಪ್ರತಿ ಪಾತ್ರೆಯೂ ಅವರ ಕಣ್ಣಿಗೆ ಅಪರಾಧಿಯೇ. ಎಲ್ಲರ ಗಂಟುಮೂಟೆ ಬಿಚ್ಚಿಸಿ, ಕೊನೆಗೆ ಒಬ್ಬ ಇನ್‌ಸ್ಪೆಕ್ಟರ್ ಬಂದು ಗಂಗತ್ತೆಯ ಬಿಂದಿಗೆಯ ಮುಂದೆ ನಿಂತ. ಅದರಲ್ಲಿ ಇನ್ನೂ ಅರ್ಧ ನೀರಿತ್ತು.

"ಎಂದಾ ಇದಿಲ್?" ಇದರಲ್ಲೇನು ಎಂದು ಮಲಯಾಳದಲ್ಲಿ ಕೇಳಿದ.

"ಕಾವೇರಿ."

"ಯಾವ ಕಾವೇರಿ?"

"ಕಾವೇರಿ ಎಷ್ಟಿದೆಯಪ್ಪ? ಮುಟ್ಟಬೇಡ. ಮೂಸಿ ನೋಡೋದಾದ್ರೆ ದೂರದಿಂದ ಮೂಸು."

ಅವನು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ದೂರದಿಂದ ಮೂಸಿದ. ಆ ಹೊತ್ತಿಗೆ ಸರಿಯಾಗಿ ಹಿಂದಿನ ಸೀಟಿನಿಂದ ಔಷಧಿಯ ವಾಸನೆ ತೇಲಿಬಂತು. ಇನ್‌ಸ್ಪೆಕ್ಟರ್ ಬಿಂದಿಗೆಯನ್ನೇ ಶಂಕೆಯಿಂದ ನೋಡಿದ. ಜಮೆದಾರ್ ಮೊಣ್ಣಪ್ಪನವರು ಎದ್ದು ನಿಂತು, ಬಸ್ಸಿನ ಸೂರಿಗೆ ತಲೆ ತಗುಲಿಸಿಕೊಂಡೂ ಬಿಡದೆ, ಸೆಲ್ಯೂಟ್ ಹೊಡೆದರು.

"ಸರ್! ಆ ವಾಸನೆ ನಂದು ಸರ್! ಹೊಟ್ಟೆಯೊಳಗೆ ಉಂಟು. ಬೇಕಾದ್ರೆ ಜಪ್ತಿ ಮಾಡಿ!"

ಹೊಟ್ಟೆಯೊಳಗಿದ್ದದ್ದನ್ನು ಜಪ್ತಿ ಮಾಡುವ ಕಾಯಿದೆ ಆಗ ಇರಲಿಲ್ಲವೆಂದು ಕಾಣುತ್ತದೆ. ಬಸ್ಸನ್ನು ಬಿಟ್ಟರು.

ಘಟ್ಟ ಹತ್ತುವಾಗ ಗಂಗತ್ತೆ ಬಿಂದಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಮಾಕುಟ್ಟ ದಾಟಿದ ಮೇಲೆ, "ನನ್ನಿಂದಲೇ ಹೋಯ್ತೇನೋ ಶಾಮಣ್ಣ?" ಎಂದರು.

"ಏನು ಹೋಯ್ತು?"

"ಪರೀಕ್ಷೆ ಕಣೋ. ನಾನು ಅವತ್ತು ಅಡಿಗೆಮನೇಲಿ ಬಾಯಿ ಮುಚ್ಚಿಕೊಂಡಿದ್ದಿದ್ರೆ..."

"ಅತ್ತೆ," ಎಂದಳು ಜಾನಕಿ, ಕಿಟಕಿಯಿಂದ ಮುಖ ತಿರುಗಿಸದೆ. "ನೀವು ಇಲ್ಲದಿದ್ರೆ ನಾನು ಟೋಪಿಯ ಅಂಗಡೀಲೇ ಇರ್ತಿದ್ದೆ. ಸುಮ್ಮನೆ ಕೂತ್ಕೊಳ್ಳಿ."

ಗಂಗತ್ತೆಗೆ ಟೋಪಿಯ ಅಂಗಡಿಯ ವಿಷಯ ತಿಳಿದಿರಲಿಲ್ಲ. ಆದರೂ ಸುಮ್ಮನೆ ಕುಳಿತರು.

ಮತ್ತೆ ವಿರಾಜಪೇಟೆ

ಫಲಿತಾಂಶಕ್ಕೆ ಆರು ವಾರ ಹಿಡಿಯಿತು. ಅಷ್ಟರಲ್ಲಿ ಹೂಮಳೆ ಬಂದು ಕಾಫಿ ತೋಟಗಳೆಲ್ಲ ಬೆಳ್ಳಗಾಗಿ ಮತ್ತೆ ಹಸಿರಾದವು. ಸಿಸ್ಟರು ತಮ್ಮ ದೇಶಕ್ಕೆ ಹೊರಟರು. ಅರಕಲಗೂಡಿನಿಂದ ಇನ್ನೆರಡು ಕಾಗದ ಬಂದವು. ಎರಡನೆಯದರಲ್ಲಿ ಬಸ್ಸಿನ ಹೊತ್ತನ್ನೂ ಬರೆದಿದ್ದರು. ಜಾನಕಿ ಅವನ್ನೂ ಅದೇ ಡಬ್ಬಿಯಲ್ಲಿಟ್ಟು, ಮಕ್ಕಳ ಕಸೂತಿಯ ತಪ್ಪು ಬಿಚ್ಚುತ್ತ ಕೂತಳು. ಗಂಗತ್ತೆ ಅಂಚೆಯವನು ಬರುವ ಹೊತ್ತಿಗೆ ದಿನವೂ ಬಾಗಿಲಲ್ಲಿ ಏನಾದರೊಂದು ಕೆಲಸ ಹಚ್ಚಿಕೊಳ್ಳುತ್ತಿದ್ದರು.

ಮೇ ತಿಂಗಳ ಕೊನೆಗೆ ವಿದೇಶಿ ಸ್ಟಾಂಪಿನ ಲಕೋಟೆ ಬಂತು. ನಾಲ್ಕು ಕಾಲಮಿನ ಒಂದು ಹಾಳೆ, ಕೆಳಗೆ ಎರಡು ರುಜು. ಪ್ರತಿ ಕಾಲಮಿಗೂ ಇಪ್ಪತ್ತು ಅಂಕ. ಪಾಸಾಗಲು ಒಟ್ಟಿನಲ್ಲಿ ನಲವತ್ತು ಬೇಕಿತ್ತು. ಭಾಷಾಂತರ ಹದಿಮೂರು. ಕಾಗುಣಿತ ಹನ್ನೊಂದು. ಕ್ರಿಯಾಪದ ಸೊನ್ನೆ. ಸಂಭಾಷಣೆ ಹದಿನಾರು. ಗಂಗತ್ತೆ ಬೆರಳು ಮಡಿಸಿ ಮಡಿಸಿ ಮೂರು ಸಲ ಕೂಡಿಸಿದರು. ಮೂರು ಸಲವೂ ನಲವತ್ತೇ ಬಂತು.

ಜೂನ್ ಮೊದಲ ಸೋಮವಾರ ಜಾನಕಿ ಕಾನ್ವೆಂಟಿನ ಫ್ರೆಂಚ್ ಕ್ಲಾಸಿಗೆ ಖಾಯಂ ಆಗಿ ಸೇರಿದಳು. ಅರಕಲಗೂಡಿಗೆ ಹೋಗಲಿಲ್ಲ.